ಸಾಸಿರ್ವರಿಂದ ಮತದಾರರ ಪಟ್ಟಿಗೆ: ಕೊಪ್ಪಳ ಸೀಮೆಯಲ್ಲಿ ಊರಾಳ್ವಿಕೆ

ಕುಕನೂರಿನ ಶಾಸನಗಳ ಮಾತು ಬಂದಾಗಲೆಲ್ಲ ಗೆಳೆಯರು ನನ್ನನ್ನ ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ: "ಅಲ್ಲಿ ಸಾವಿರ ಜನ ಮಹಾಜನರು ಇದ್ದರಲ್ಲ, ಅವರನ್ನ ಊರವರು ಆರಿಸ್ತಿದ್ರಾ?" ಪ್ರಶ್ನೆಯ ಹಿಂದೆ ಇರೋದು ಆಸೆ. ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿ ಪ್ರಜಾಪ್ರಭುತ್ವ ಇತ್ತು, ಇಂಗ್ಲಿಷರಿಂದ ಕಲಿಯುವ ಅಗತ್ಯ ಇರಲಿಲ್ಲ ಅಂತ ಒಂದು ಕಲ್ಲು ಸಾಕ್ಷಿ ಹೇಳಲಿ ಎಂಬ ಆಸೆ. ನನಗೂ ಆ ಆಸೆ ಇಲ್ಲದಿಲ್ಲ. ಆದರೆ ಕಲ್ಲು ಹೇಳಿದ್ದನ್ನ ಮಾತ್ರ ಓದಬೇಕು ಅನ್ನುವುದು ನಮ್ಮ ಹವ್ಯಾಸದ ಮೊದಲ ಕಟ್ಟಳೆ.

ಈಗ ಕೊಪ್ಪಳ ಜಿಲ್ಲೆಯಲ್ಲಿ ಏಳು ತಾಲೂಕುಗಳಿವೆ. ಕುಕನೂರು, ಕನಕಗಿರಿ, ಕಾರಟಗಿ ಇತ್ತೀಚಿನವು. ಈ ಬರಹಕ್ಕೆ ಹಳೆಯ ನಾಲ್ಕೇ ಸಾಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರವರೆಗೆ ಇವು ರಾಯಚೂರು ಜಿಲ್ಲೆಯವು, 1956ರವರೆಗೆ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ತಾಲೂಕುಗಳು. ಊರಾಳ್ವಿಕೆಗೆ ಇಲ್ಲಿ ಕಲ್ಲಿನ ಸಾಕ್ಷಿ ಧಾರಾಳ. ಓಟಿನ ಸಾಕ್ಷಿ ಎಲ್ಲಾ ಕಾಗದದ ಮೇಲೆ, ಅದೂ 75 ವರ್ಷದ ಈಚಿನದು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಏನು ಕಾಣುತ್ತದೆ ಅನ್ನುವುದೇ ಇಲ್ಲಿನ ವಿಷಯ.

ಮೊದಲು ಕಲ್ಲು. ಕುಕನೂರು, ಶಾಸನಗಳ ಕುಕ್ಕನೂರು, ಮಹಾಅಗ್ರಹಾರ. ಬೆಳ್ವೊಲ ಮುನ್ನೂರರೊಳಗೆ ಕುಕ್ಕನೂರು ಮೂವತ್ತು ಅಂತ ಒಂದು ಚಿಕ್ಕ ಆಡಳಿತ ವಿಭಾಗವೇ ಇತ್ತು. ಇಲ್ಲಿಯ ಮಹಾಜನರು 'ಸಾಸಿರ್ವರು'. ದಾನ ಕೊಡುವವನು ಮಹಾಜನರ 'ಕಾಲಂ ಕರ್ಚಿ' ಭೂಮಿಯನ್ನ ಧಾರೆ ಎರೆಯುವುದು ಈ ಕಾಲದ ಶಾಸನಗಳ ರೂಢಿಯ ಮಾತು. ಮಹಾಜನರು ಭೂಮಿ ನೋಡಿಕೊಳ್ಳುತ್ತಿದ್ದರು, ಗುಡಿಯ ದತ್ತಿ ಕಾಯುತ್ತಿದ್ದರು, ಸುಂಕದ ಒಂದು ಪಾಲನ್ನ ದೇವರಿಗೆ ಬಿಡುತ್ತಿದ್ದರು. ಅವರ ಮುಂದಾಳು 'ಊರೊಡೆಯ'. ಸಮೀಪದ ಇಟಗಿಯಲ್ಲೂ ಮಹಾಜನರಿದ್ದರು. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದ ಗುಡಿ ಇರುವ ಊರು ಅದು.

ಇಷ್ಟು ಅಧಿಕಾರ ಇದ್ದವರನ್ನ ಯಾರು ಆರಿಸಿದರು? ಈ ಸೀಮೆಯಲ್ಲಿ ನಾನು ಓದಿದ ಯಾವ ಶಾಸನದಲ್ಲೂ ಆರಿಸಿದ ಮಾತಿಲ್ಲ. ಮಹಾಜನ ಅನ್ನುವುದು ಹುಟ್ಟಿನಿಂದ, ವಿದ್ಯೆಯಿಂದ, ಅಗ್ರಹಾರದ ವೃತ್ತಿಯಿಂದ ಬರುವ ಸ್ಥಾನ. ಸಾಸಿರ್ವರು ಅನ್ನುವುದು ಎಣಿಸಿ ಬರೆದ ಸಂಖ್ಯೆ ಅನ್ನುವುದಕ್ಕಿಂತ ಸಂಸ್ಥೆಯ ಹೆಸರು. ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳು ಐನೂರೇ ಜನ ಇರಲಿಲ್ಲ, ಹಾಗೆ. ಹೊಲ ಉಳುವ ಒಕ್ಕಲು, ಕುಂಬಾರ, ಮಾದಿಗ, ಊರಿನ ಹೆಣ್ಣುಮಕ್ಕಳು ಸಾಸಿರ್ವರಲ್ಲಿ ಇರಲಿಲ್ಲ ಅನ್ನುವುದಕ್ಕೆ ಬೇರೆ ಪುರಾವೆ ಬೇಕಾಗಿಲ್ಲ.

ಇಲ್ಲಿ ಯಾರಾದರೂ ಉತ್ತರಮೇರೂರನ್ನ ತಂದೇ ತರುತ್ತಾರೆ. ಸರಿ, ಅದನ್ನೂ ನೋಡೋಣ. ಚೋಳ ಪರಾಂತಕನ ಕಾಲದ, 919 ಮತ್ತು 921ರ ಆ ಎರಡು ಶಾಸನಗಳು ನಿಜಕ್ಕೂ ಆಯ್ಕೆಯ ವಿಧಾನ ಹೇಳುತ್ತವೆ. 30 ಕೇರಿಗಳು, ಓಲೆಯ ಮೇಲೆ ಹೆಸರು, ಗಡಿಗೆಯಲ್ಲಿ ಹಾಕಿ ಚಿಕ್ಕ ಹುಡುಗನ ಕೈಯಿಂದ ಎತ್ತಿಸುವುದು. ಲೆಕ್ಕ ಒಪ್ಪಿಸದವನಿಗೆ, ಅವನ ನೆಂಟರಿಗೂ ಅವಕಾಶ ಇಲ್ಲ. ಓದಿದರೆ ಇವತ್ತಿನ ಪಂಚಾಯಿತಿಗೂ ಇದು ಬೇಕಿತ್ತು ಅನಿಸುತ್ತೆ. ಆದರೆ ಓಲೆಯ ಮೇಲೆ ಹೆಸರು ಬರಬೇಕಾದರೆ ಕಂದಾಯ ಕಟ್ಟುವ ಸ್ವಂತ ಭೂಮಿ, ಸ್ವಂತ ಜಾಗದಲ್ಲಿ ಮನೆ, 35ರಿಂದ 70ರೊಳಗಿನ ವಯಸ್ಸು, ವೇದದ ಓದು ಬೇಕು. ಗಡಿಗೆಯಿಂದ ಎತ್ತುವುದು ಚೀಟಿ, ಮತ ಅಲ್ಲ. ಚೆನ್ನಾದ ವ್ಯವಸ್ಥೆ ಹೌದು. ಊರಿನ ಚುನಾವಣೆ ಅಲ್ಲ.

ನಮ್ಮ ಸೀಮೆಗೆ ಉತ್ತರಮೇರೂರಿಗಿಂತ ಹತ್ತಿರದ, ನನ್ನ ಮಟ್ಟಿಗೆ ಹೆಚ್ಚು ಕುತೂಹಲದ ಶಾಸನ ಸೂಡಿಯದು. ಸೂಡಿ ಗದಗ ಜಿಲ್ಲೆಗೆ ಸೇರಿದ್ದರೂ ಯಲಬುರ್ಗಾ, ಕುಷ್ಟಗಿ ಕಡೆಯವರಿಗೆ ನೆರೆಯೂರೇ. 11ನೇ ಶತಮಾನದಲ್ಲಿ ಅಲ್ಲಿ ಆಳುತ್ತಿದ್ದವಳು ಅಕ್ಕಾದೇವಿ, ಚಾಳುಕ್ಯ ಜಯಸಿಂಹನ ಅಕ್ಕ, 'ಗುಣದಬೆಡಂಗಿ'. ಕಿಸುಕಾಡು ಎಪ್ಪತ್ತು ಅವಳ ಕೈಯಲ್ಲಿತ್ತು. ಒಂದನೆಯ ಸೋಮೇಶ್ವರನ ಕಾಲದ ಸೂಡಿಯ ಶಾಸನವೊಂದು ಯುದ್ಧದ ನಂತರದ ಊರಾಳ್ವಿಕೆಯ ಕಥೆ ಹೇಳುತ್ತದೆ. ಚೋಳರ ದಾಳಿಯಲ್ಲಿ ಊರಿನ ಹಳೆಯ ಕಟ್ಟಳೆ ಮುರಿದುಬಿದ್ದಿತ್ತು. ಅಕ್ಕಾದೇವಿಯ ಮಂತ್ರಿಗಳೂ ಅಧಿಕಾರಿಗಳೂ ಸೇರಿ ಊರಿನ ಎಂಟು ಸೆಟ್ಟಿಗಳಿಗೆ, ಎಂಬತ್ತು ಒಕ್ಕಲಿಗೆ ಆ ಕಟ್ಟಳೆಯನ್ನ ಹೊಸದಾಗಿ ಮಾಡಿಕೊಟ್ಟರು. (1054ರ ಕೊಪ್ಪಂ ಕದನ ನಡೆದದ್ದು ನಮ್ಮ ಕೊಪ್ಪಳದಲ್ಲೇ ಎಂಬ ವಾದವೂ ಒಂದಿದೆ. ಆ ಜೇನುಗೂಡಿಗೆ ಇವತ್ತು ಕೈ ಹಾಕಲ್ಲ.)

ಎಂಟು ಸೆಟ್ಟಿ, ಎಂಬತ್ತು ಒಕ್ಕಲು. ಯುದ್ಧ ಮುಗಿದ ಮೇಲೆ ಆಳುವವರು ಬಂದು ಊರಿನ ಹಕ್ಕನ್ನ ಮತ್ತೆ ಬರೆದುಕೊಡುತ್ತಾರೆ. ಕೊಡುವುದು ಯಾರಿಗೆ? ವ್ಯಕ್ತಿಗಳಿಗಲ್ಲ, ಗುಂಪುಗಳಿಗೆ. ಆ ಗುಂಪಿನೊಳಗೆ ಇರುವವನಿಗೆ ಹಕ್ಕು, ಹೊರಗಿರುವವನು ಶಾಸನದಲ್ಲಿ ಬರುವುದೇ ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ. ಸುಮಾರು 900 ವರ್ಷದ ನಂತರ ಇದೇ ಸೀಮೆಯಲ್ಲಿ ಇನ್ನೊಂದು ಯುದ್ಧ ಮುಗಿಯುತ್ತೆ, ಇನ್ನೊಮ್ಮೆ ಕಟ್ಟಳೆ ಹೊಸದಾಗಿ ಬರೆಯಬೇಕಾಗುತ್ತೆ. ಆಗ ಬರೆದವರು ಸೂಡಿಯ ಮಾದರಿ ಹಿಡಿಯಲಿಲ್ಲ.

ಮಧ್ಯದ ಶತಮಾನಗಳನ್ನ ಬೇಗ ದಾಟೋಣ. ಗಾವುಂಡ ಗೌಡನಾದ, ಸೇನಬೋವ ಕುಲಕರ್ಣಿಯಾದ. ವಿಜಯನಗರ, ಆದಿಲ್‌ಶಾಹಿ, ಮರಾಠರು, ಟಿಪ್ಪು, ನಿಜಾಮ ಅಂತ ಮೇಲಿನವರು ಬದಲಾದರು. ಕೆಳಗೆ ವತನ ತಂದೆಯಿಂದ ಮಗನಿಗೆ ಇಳಿಯುತ್ತಲೇ ಹೋಯಿತು. ನಿಜಾಮನ ಕಾಲದಲ್ಲಿ ಹಳ್ಳಿಯಲ್ಲಿ ಇಬ್ಬರು ಗೌಡರು: ಕಂದಾಯಕ್ಕೆ ಮಾಲಿಗೌಡ, ಠಾಣೆಯ ಕೆಲಸಕ್ಕೆ ಪೊಲೀಸ್‌ಗೌಡ. ಲೆಕ್ಕಕ್ಕೆ ಕುಲಕರ್ಣಿ. ಇವರ ಮೇಲೆ ತಹಶೀಲ್ದಾರ, ಅವನ ಮೇಲೆ ಜಿಲ್ಲೆಯ ಕಲೆಕ್ಟರನ ಸ್ಥಾನದಲ್ಲಿ ಅವ್ವಲ್ ತಾಲೂಕದಾರ.

ನಾಲ್ಕು ತಾಲೂಕಿನ ಸ್ಥಿತಿ ಒಂದೇ ಥರ ಇರಲಿಲ್ಲ, ಇದು ಮುಖ್ಯ. ಕುಷ್ಟಗಿ, ಗಂಗಾವತಿ ಸರ್ಕಾರದ ನೇರ ಆಡಳಿತದವು. 1905ರವರೆಗೆ ಲಿಂಗಸೂಗೂರು ಅಂತ ಒಂದು ಜಿಲ್ಲೆ ಇತ್ತು, ಅದನ್ನ ಒಡೆದ ಮೇಲೆ ರಾಯಚೂರಿಗೆ ಬಂದವು. ಗಂಗಾವತಿಯ ಒಳಗೆ ವಿಜಯನಗರದ ಅರಸು ಮನೆತನದ ಆನೆಗುಂದಿ ಸಂಸ್ಥಾನ ಬೇರೆ. ಕೊಪ್ಪಳ, ಯಲಬುರ್ಗಾ ಭಾಗ ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದಿನ ಮ್ಯೂಸಿಯಂ ನೋಡಿ ಬೆರಗಾಗಿ ಬರುವ ನಮ್ಮವರಿಗೆ, ಆ ಸಂಗ್ರಹದ ಹಿಂದಿನ ಜಹಗೀರಿನ ಹುಟ್ಟುವಳಿಯಲ್ಲಿ ಕೊಪ್ಪಳದ ಹೊಲಗಳ ಕಂದಾಯವೂ ಇತ್ತು ಅಂತ ಹೇಳಿದರೆ ನಂಬುವುದಿಲ್ಲ. ಜಹಗೀರಿನ ಹಳ್ಳಿಯವನಿಗೆ ಸರ್ಕಾರ ಎಂದರೆ ಜಹಗೀರುದಾರನ ನೌಕರ. ಅಲ್ಲಿ ಸ್ಥಳೀಯ ಸಂಸ್ಥೆ ಎಂಬ ಮಾತಿಗೆ ಅರ್ಥವೇ ಕಡಿಮೆ.

ಸರ್ಕಾರಿ ತಾಲೂಕುಗಳಲ್ಲಿ ಮಾತ್ರ ಕಾಗದದ ಮೇಲೆ 'ಲೋಕಲ್ ಬೋರ್ಡ್' ಇತ್ತು. ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಲೋಕಲ್ ಸೆಸ್. ಆ ದುಡ್ಡಿನಿಂದ ರಸ್ತೆ, ಬಾವಿ, ಶಾಲೆ. ತಾಲೂಕು ಬೋರ್ಡಿಗೆ ತಹಶೀಲ್ದಾರ ಅಧ್ಯಕ್ಷ, ಜಿಲ್ಲಾ ಬೋರ್ಡಿಗೆ ಅವ್ವಲ್ ತಾಲೂಕದಾರ ಅಧ್ಯಕ್ಷ. ಸದಸ್ಯರು ಅವರು ಹೆಸರಿಸಿದವರು. ಅಂದರೆ ಸೆಸ್ ರೈತನದು, ಸಹಿ ತಹಶೀಲ್ದಾರನದು. ಪಕ್ಕದ ಬ್ರಿಟಿಷ್ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ರಿಪನ್ನನ ಕಾಲದಿಂದ ಚುನಾಯಿತ ಸದಸ್ಯರ ರೂಢಿ ನಿಧಾನಕ್ಕೆ ಬೆಳೆದಿತ್ತು. ಕೊಪ್ಪಳದಿಂದ ಒಂದು ದಿನದ ಚಕ್ಕಡಿ ದಾರಿಯಲ್ಲಿ ಬೇರೆಯೇ ಲೋಕ.

ಹೈದರಾಬಾದಿನಲ್ಲಿ ಸುಧಾರಣೆಯ ಮಾತು ಜೋರಾಗಿದ್ದು 1937ರ ಮೇಲೆ. ಅರವಮುದು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಹೊತ್ತಿಗೇ ನಿಷೇಧಕ್ಕೊಳಗಾಯಿತು, ಸತ್ಯಾಗ್ರಹ ನಡೆಯಿತು. 1939ರ ಜುಲೈನಲ್ಲಿ ಸರ್ಕಾರ ಸುಧಾರಣೆ ಪ್ರಕಟಿಸಿತು. ಅದನ್ನ ಓದುವಾಗ ಸೂಡಿಯ ಶಾಸನ ನೆನಪಾಗದೆ ಇರುವುದಿಲ್ಲ. ಮತಕ್ಷೇತ್ರಗಳು ಊರಿನ ಪ್ರಕಾರ ಅಲ್ಲ, ಕಸುಬಿನ ಪ್ರಕಾರ. ಜಹಗೀರುದಾರರಿಗೆ ಒಂದು, ಭೂಮಾಲೀಕರಿಗೆ ಒಂದು, ರೈತರಿಗೆ, ಕಾರ್ಮಿಕರಿಗೆ, ವ್ಯಾಪಾರಿಗಳಿಗೆ, ಬ್ಯಾಂಕಿನವರಿಗೆ, ವಕೀಲರಿಗೆ, ವೈದ್ಯರಿಗೆ, ಪದವೀಧರರಿಗೆ ಹೀಗೆ. ಅದರ ಮೇಲೆ ಹಿಂದೂ ಮುಸ್ಲಿಂ ಸ್ಥಾನಗಳ ಸಮಪಾಲು, ಜನಸಂಖ್ಯೆ ಎಷ್ಟೇ ಇರಲಿ. ಎಂಟು ಸೆಟ್ಟಿ, ಎಂಬತ್ತು ಒಕ್ಕಲಿನ ಲೆಕ್ಕಾಚಾರವೇ ಉರ್ದು ಗೆಜೆಟ್ಟಿನಲ್ಲಿ ಬಂದ ಹಾಗೆ! ಆಗಿನ ಅಧಿಕಾರಿಗಳು ಇದನ್ನ ಹೊಸ ಕಲ್ಪನೆ ಅಂತ ಮೆಚ್ಚಿಕೊಂಡರು. ಸ್ಟೇಟ್ ಕಾಂಗ್ರೆಸ್ ಒಪ್ಪಲಿಲ್ಲ. ಯುದ್ಧದ ನೆಪದಲ್ಲಿ ತಡವಾಗಿ, 1946ರಲ್ಲಿ ಶಾಸನಸಭೆಗೆ ಚುನಾವಣೆ ನಡೆದಾಗ ಕಾಂಗ್ರೆಸ್ ಬಹಿಷ್ಕರಿಸಿತು.

ಇಂಥ ಕಸುಬಿನ, ದರ್ಜೆಯ ಮತಕ್ಷೇತ್ರ ಹೈದರಾಬಾದಿನ ಸ್ವಂತ ಆವಿಷ್ಕಾರವೇನಲ್ಲ. ರಷ್ಯಾದಲ್ಲಿ 1864ರಿಂದ 'ಜೆಮ್‌ಸ್ತ್ವೊ' ಎಂಬ ಜಿಲ್ಲಾ, ಪ್ರಾಂತ ಬೋರ್ಡುಗಳಿದ್ದವು. ರಸ್ತೆ, ಶಾಲೆ, ಆಸ್ಪತ್ರೆ ಅವುಗಳ ಕೆಲಸ. ಆದರೆ ಮತದಾರರು ಮೂರು ಪಂಗಡ: ಭೂಮಾಲೀಕರು, ಪಟ್ಟಣದವರು, ರೈತಾಪಿಯವರು. ಭೂಮಾಲೀಕರ ಕೈ ಯಾವಾಗಲೂ ಮೇಲು. 1917ರ ಫೆಬ್ರವರಿ ಕ್ರಾಂತಿಯಲ್ಲಿ ಜಾರ್ ಬಿದ್ದ ಮೇಲೆ ತಾತ್ಕಾಲಿಕ ಸರ್ಕಾರ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಈ ಬೋರ್ಡುಗಳ ಚುನಾವಣೆ ಬದಲಿಸಿದ್ದು. ಅದೇ ವರ್ಷ ಮೇ ತಿಂಗಳಲ್ಲಿ ಪಂಗಡಗಳನ್ನ ತೆಗೆದು ಹೆಂಗಸರೂ ಸೇರಿ ಎಲ್ಲ ವಯಸ್ಕರಿಗೆ ಸಮಾನ, ಗುಪ್ತ ಮತ ಕೊಟ್ಟರು. ಹೋಬಳಿ ಮಟ್ಟದಲ್ಲೂ ಹೊಸ ಬೋರ್ಡು ಮಾಡಿದರು. ಸಂವಿಧಾನ ಸಭೆಗೆ ಮತ ಹಾಕುವ ಮೊದಲೇ ರಷ್ಯಾದ ರೈತ ತನ್ನ ಹೋಬಳಿಯ ಬೋರ್ಡಿಗೆ ಮತ ಹಾಕಿದ. ಅಷ್ಟರಲ್ಲಿ ಬೋಲ್ಶೆವಿಕರು ಬಂದರು, 1918ರಲ್ಲಿ ಬೋರ್ಡುಗಳು ಮುಚ್ಚಿದವು. ರಷ್ಯಾವನ್ನ ಇಲ್ಲಿಗೆ ಎಳೆದದ್ದು ಯಾಕೆಂದರೆ ನಮ್ಮಲ್ಲಿ ನಡೆದದ್ದು ಇದರ ತಿರುಗುಮುರುಗು. ಕೊಪ್ಪಳದ ರೈತನಿಗೆ ದೆಹಲಿಯ ಮತ ಮೊದಲು ಬಂತು, ಊರಿನ ಮತ ಆಮೇಲೆ.

1947ರ ಆಗಸ್ಟ್ 15ರಂದು ನಾಲ್ಕು ತಾಲೂಕಿನವರು ಸ್ವತಂತ್ರರಾಗಲಿಲ್ಲ. ಆಗಸ್ಟ್ 7ರಂದೇ ಸ್ಟೇಟ್ ಕಾಂಗ್ರೆಸ್ ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಭಾರತಕ್ಕೆ ಸೇರುವ ಚಳವಳಿ ಶುರು ಮಾಡಿತ್ತು. ನವೆಂಬರ್ 29ಕ್ಕೆ ನಿಜಾಮನಿಗೂ ಭಾರತಕ್ಕೂ ಯಥಾಸ್ಥಿತಿ ಒಪ್ಪಂದ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬೀಳತೊಡಗಿದರು. ಜನ ಗಡಿ ದಾಟಿದರು. ಗಡಿಯಾಚೆ ಧಾರವಾಡ ಜಿಲ್ಲೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟದ ಶಿಬಿರಗಳಾದವು. ಮುಂಡರಗಿ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ್ದು ಪುಂಡಲೀಕಪ್ಪ ಜ್ಞಾನಮೋಠೆಯವರದು. ಅಳವಂಡಿ ಕೊಪ್ಪಳ ತಾಲೂಕಿನದೇ ಊರು. 1858ರಲ್ಲಿ ಮುಂಡರಗಿ ಭೀಮರಾಯ ಬಂದು ಕೊಪ್ಪಳದ ಕೋಟೆ ಹಿಡಿದು ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ ದಾರಿಯೂ ಇದೇ. ಮುಂಡರಗಿ ಮತ್ತು ಕೊಪ್ಪಳದ ನಡುವೆ ಯಾರು ಗೆರೆ ಎಳೆದರೂ ಅದು ನಿಂತಿಲ್ಲ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಸೋಲೊಪ್ಪಿದ. ತೇದಿ ಕೂಡಿಸಿ ನೋಡುವ ಚಟ ಇರುವವರಿಗೆ: ಶಕಕ್ಕೆ 78 ಕೂಡಿಸುವ ಹಾಗೆ ಹೈದರಾಬಾದಿನ ಫಸ್ಲಿಗೆ 590 ಕೂಡಿಸಬೇಕು, ವರ್ಷ ಅಕ್ಟೋಬರಿನಲ್ಲಿ ಶುರು. ಅಂದರೆ ನಿಜಾಮನ ಆಳ್ವಿಕೆ ಮುಗಿದದ್ದು ಫಸ್ಲಿ 1357ರ ಕೊನೆಯ ತಿಂಗಳು ಆಬಾನದಲ್ಲಿ. ಹೊಸ ಆಡಳಿತ ಹೆಚ್ಚೂಕಡಿಮೆ ಹೊಸ ವರ್ಷದ ಜೊತೆಗೇ ಬಂತು.

ವಿಮೋಚನೆಯ ಜೊತೆ ಇನ್ನೊಂದನ್ನೂ ಬರೆಯಬೇಕು, ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಇದು ಬರುವುದಿಲ್ಲ. ಸೈನ್ಯ ಬಂದ ಮೇಲಿನ ವಾರಗಳಲ್ಲಿ ಸಂಸ್ಥಾನದ ಅನೇಕ ಕಡೆ ಮುಸ್ಲಿಮರ ಕೊಲೆ, ಲೂಟಿ ನಡೆಯಿತು. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನ 27,000ದಿಂದ 40,000ದ ನಡುವೆ ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಎರಡು ಕನ್ನಡದವು, ಗುಲಬರ್ಗಾ ಮತ್ತು ಬೀದರ್. ರಜಾಕಾರರಿಗೆ ಹೆದರಿ ಒಂದು ಗುಂಪು ಊರು ಬಿಟ್ಟಿತ್ತು, ಈಗ ಇನ್ನೊಂದು ಗುಂಪು ಬಿಟ್ಟಿತು. ಎಲ್ಲರ ಹೆಸರೂ ಇರಬೇಕಾದ ಮತದಾರರ ಪಟ್ಟಿ ತಯಾರಾದದ್ದು ಇಂಥ ಊರುಗಳಲ್ಲಿ.

ಜನರಲ್ ಜೆ.ಎನ್. ಚೌಧರಿ ಮಿಲಿಟರಿ ಗವರ್ನರ್. ಚುನಾಯಿತರಲ್ಲದ ಈ ಆಡಳಿತದಲ್ಲೇ ಚುನಾವಣೆಗೆ ಬೇಕಾದ ಅಡಿಪಾಯ ಬಿತ್ತು ಅನ್ನುವುದು ವಿಚಿತ್ರ, ಆದರೆ ನಿಜ. 1949ರ ಆಗಸ್ಟಿನಲ್ಲಿ ಜಹಗೀರು ರದ್ದತಿಯ ಕಾನೂನು ಬಂತು, ಅದು ಫಸ್ಲಿ 1358. ಅದೇ ವರ್ಷ ಮಾರ್ಚಿನಲ್ಲಿ ಮೂರನೇ ಸಾಲಾರ್ ಜಂಗ್ ತೀರಿಕೊಂಡಿದ್ದರು. ನನ್ನ ಪ್ರಕಾರ ನಮ್ಮ ಸೀಮೆಗೆ ಸೆಪ್ಟೆಂಬರ್ 17ಕ್ಕಿಂತ ದೊಡ್ಡ ತಿರುವು ಇದು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಮೊದಲ ಬಾರಿ ಒಂದೇ ಕಾನೂನಿನ ಕೆಳಗೆ ಬಂದವು. ಜಹಗೀರು ಉಳಿದಿದ್ದರೆ ಅಲ್ಲಿನ ಹಳ್ಳಿಯಲ್ಲಿ ಓಟಿನ ಪೆಟ್ಟಿಗೆಯನ್ನ ಯಾರ ಚಾವಡಿಯಲ್ಲಿ ಇಡಬೇಕಿತ್ತು?

1950ರ ಜನವರಿ 26ಕ್ಕೆ ಸಂವಿಧಾನ ಬಂತು, ನಿಜಾಮ ರಾಜಪ್ರಮುಖನಾದ, ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ. 1951ರಲ್ಲಿ ಹೈದರಾಬಾದ್ ರಾಜ್ಯದ ಪುರಸಭೆ ಮತ್ತು ಟೌನ್ ಕಮಿಟಿಗಳಿಗೆ ಹೊಸ ಕಾಯಿದೆ. ಕಸುಬಿನ ಪಂಗಡ ಹೋಯಿತು, ಸಮಪಾಲು ಹೋಯಿತು. 21 ತುಂಬಿದವರಿಗೆಲ್ಲ ಮತ. ಓದು ಬಂದರೂ ಬರದಿದ್ದರೂ, ಕಂದಾಯ ಕಟ್ಟಿದರೂ ಕಟ್ಟದಿದ್ದರೂ. ಉತ್ತರಮೇರೂರಿನ ಕಲ್ಲಿನ ಮೇಲಿನ ಅರ್ಹತೆಗಳನ್ನ ಒಂದೊಂದಾಗಿ ಎದುರಿಗಿಟ್ಟು ನೋಡಿ: ಭೂಮಿ, ಮನೆ, ವಿದ್ಯೆ, ಗಂಡಸುತನ. ಎಲ್ಲಾ ಹೊಡೆದುಹಾಕಿ ವಯಸ್ಸನ್ನ ಮಾತ್ರ ಇಟ್ಟುಕೊಂಡರು, ಅದನ್ನೂ 35ರಿಂದ 21ಕ್ಕೆ ಇಳಿಸಿ.

ಆದರೆ ಇದು ಪಟ್ಟಣದ ಮಾತು. ಹಳ್ಳಿಯವನು ಮೊದಲ ಸಲ ಪೆಟ್ಟಿಗೆ ನೋಡಿದ್ದು 1951-52ರ ಮಹಾಚುನಾವಣೆಯಲ್ಲಿ. ಆಗ ಪ್ರತಿ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಪೆಟ್ಟಿಗೆಗೆ ಚಿಹ್ನೆ ಅಂಟಿಸಿರುತ್ತಿತ್ತು. ಚೀಟಿಯ ಮೇಲೆ ಗುರುತು ಹಾಕುವ ಕೆಲಸ ಇಲ್ಲ, ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ನಮ್ಮ ಭಾಗದ ಲೋಕಸಭಾ ಕ್ಷೇತ್ರದ ಹೆಸರು ಆಗ ಕುಷ್ಟಗಿ. ಕಾಂಗ್ರೆಸ್ಸಿನ ಅಲೆಯ ಆ ಚುನಾವಣೆಯಲ್ಲಿ ಕುಷ್ಟಗಿ ಆರಿಸಿದ್ದು ಪಕ್ಷೇತರರನ್ನ: ಮುಂಡರಗಿ ಶಿಬಿರದ ಶಿವಮೂರ್ತಿಸ್ವಾಮಿಗಳನ್ನೇ. 1957ರಲ್ಲಿ ಕ್ಷೇತ್ರ ಕೊಪ್ಪಳವಾಗಿ, ಗೆದ್ದವರು ಕಾಂಗ್ರೆಸ್ಸಿನ ಸಂಗಣ್ಣ ಅಗಡಿ. 1962ರಲ್ಲಿ ಸ್ವಾಮಿಗಳು ಲೋಕಸೇವಕ ಸಂಘದಿಂದ ನಿಂತು ಮತ್ತೆ ಗೆದ್ದರು. ಹತ್ತು ವರ್ಷದ ಹಿಂದೆ ಮತದ ಹಕ್ಕೇ ಇಲ್ಲದ ಜನ ಕೂರಿಸಿದರು, ಇಳಿಸಿದರು, ಮತ್ತೆ ಕೂರಿಸಿದರು. ಹಳೆಯ ಶಾಸನಗಳಲ್ಲಿ ನನಗೆ ಸಿಗದೇ ಇದ್ದದ್ದು ಇದೇ, ಇಳಿಸುವುದು. ಕಾಲು ತೊಳೆದು ದಾನ ಕೊಟ್ಟ ಮಹಾಜನರನ್ನ ಊರವರು ಬದಲಿಸಿದರು ಅಂತ ಹೇಳುವ ಒಂದೇ ಒಂದು ಕಲ್ಲನ್ನ ಈ ನಾಲ್ಕು ತಾಲೂಕಿನಲ್ಲಿ ನಾನು ಓದಿಲ್ಲ.

ಪಟ್ಟಿಯ ಇನ್ನೊಂದು ಸಂಗತಿ ಹೆಂಗಸರದು. ಆ ಮೊದಲ ಚುನಾವಣೆಗೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಅವರು ತಮ್ಮ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದ್ದರು, ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಅದನ್ನ ಒಪ್ಪಲಿಲ್ಲ. ಹೆಚ್ಚಿನವರು ಉತ್ತರದ ರಾಜ್ಯಗಳವರು. ನಮ್ಮಲ್ಲೂ ಹೆಸರು ಹೇಳುವ ಸಂಕೋಚಕ್ಕೇನು ಕಮ್ಮಿ ಇರಲಿಲ್ಲ. ನಮ್ಮಜ್ಜಿ ಕೊನೆಯವರೆಗೂ ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ, ಕೇಳಿದವರಿಗೆ "ಅಲ್ಲಿ ಬರದೈತಿ ನೋಡ್ರಿ" ಅಂತಿದ್ದಳು. ಆದರೆ ಅವಳ ಸ್ವಂತ ಹೆಸರು ಸರ್ಕಾರದ ಒಂದು ಪಟ್ಟಿಯಲ್ಲಿ ಬಂದಿತ್ತು. ಅಕ್ಕಾದೇವಿಯಂಥವರು, ಗುಡಿಗೆ ದತ್ತಿ ಬಿಟ್ಟ ಅರಸಿಯರು, ಸಲ್ಲೇಖನ ಮಾಡಿದ ಜೈನ ಕಂತಿಯರು ಕಲ್ಲಿನ ಮೇಲೆ ಹೆಸರಾಗಿ ಉಳಿದಿದ್ದಾರೆ. ಹೊಲದಲ್ಲಿ ಕಳೆ ಕಿತ್ತವಳ ಹೆಸರು ಬರೆಯಲು ಒಂದು ಮತದಾರರ ಪಟ್ಟಿ ಬರಬೇಕಾಯಿತು.

ಈಗ ಊರಿಗೆ ಬರೋಣ. ಹೈದರಾಬಾದ್ ರಾಜ್ಯದ ಕೊನೆಯ ದಿನಗಳಲ್ಲಿ ಜಿಲ್ಲಾ ಬೋರ್ಡಿಗೆ, ಗ್ರಾಮ ಪಂಚಾಯಿತಿಗೆ ಹೊಸ ಕಾಯಿದೆಗಳಾದವು. 1956ರ ನವೆಂಬರ್ 1ಕ್ಕೆ ರಾಜ್ಯವೇ ಹೋಯಿತು, ರಾಯಚೂರು ಮೈಸೂರಿಗೆ ಬಂತು. ಮುಂಬೈ ಭಾಗ, ಮದ್ರಾಸ್ ಭಾಗ, ಕೊಡಗು, ಹಳೆ ಮೈಸೂರು, ನಾವು ಹೀಗೆ ಐದು ಕಡೆಯ ಐದು ನಮೂನೆಯ ಪಂಚಾಯಿತಿಗಳನ್ನ ಒಂದು ಮಾಡಿದ್ದು 1959ರ ಕಾಯಿದೆ. ಹಳ್ಳಿಗೆ ಚುನಾಯಿತ ಪಂಚಾಯಿತಿ, ತಾಲೂಕಿಗೆ ಚುನಾಯಿತ ಬೋರ್ಡು. ಜಿಲ್ಲೆಗೆ ಮಾತ್ರ ಪರಿಷತ್ತು, ಅದರ ತಲೆಗೆ ಜಿಲ್ಲಾಧಿಕಾರಿ. ಅವ್ವಲ್ ತಾಲೂಕದಾರ ಕುರ್ಚಿ ಬಿಡಲು ಇನ್ನೂ ಒಪ್ಪಿರಲಿಲ್ಲ ಅಂತ ನಾನು ತಮಾಷೆ ಮಾಡುತ್ತೇನೆ.

ಪಂಚಾಯಿತಿ ಚುನಾವಣೆ ಬಂದರೂ ಗೌಡ, ಕುಲಕರ್ಣಿ ಹಾಗೇ ಇದ್ದರು. ಉತಾರ ಅವರ ಕೈಯಲ್ಲಿ, ಕಂದಾಯ ಅವರ ಕೈಯಲ್ಲಿ. ಅವರ ಹೊಲದಲ್ಲೇ ದುಡಿಯುವವನು ಚೇರ್ಮನ್ ಆದರೆ ಚಾವಡಿಯಲ್ಲಿ ಯಾವ ಕಡೆ ಕೂರಬೇಕು? ಉತ್ತರ ಕೊಟ್ಟದ್ದು ಇನ್ನೊಂದು ಕಾನೂನು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು, ವಂಶಪಾರಂಪರ್ಯದ ಗೌಡಿಕೆ, ಕುಲಕರ್ಣಿಕೆ ಹೋಗಿ ಸಂಬಳದ ಗ್ರಾಮಲೆಕ್ಕಿಗ ಬಂದ. ಗಾವುಂಡ, ಸೇನಬೋವ ಎಂಬ ಶಬ್ದಗಳನ್ನ ಎಷ್ಟು ಶಾಸನಗಳಲ್ಲಿ ಓದಿದ್ದೇವೆ ಎಣಿಸಿ. ಸಾವಿರ ವರ್ಷ ನಡೆದ ಆ ಹುದ್ದೆಗಳ ಕೊನೆಯ ತೇದಿ ಇದು. ಯಾವ ಕಲ್ಲಿನ ಮೇಲೂ ಇದನ್ನ ಕೆತ್ತಿಲ್ಲ.

ಮುಂದಿನದು ಬಹಳ ಜನರಿಗೆ ಗೊತ್ತಿರುವ ಕಥೆ. ಅಬ್ದುಲ್ ನಜೀರ್ ಸಾಬರ 1983ರ ಕಾಯಿದೆ, 1987ರ ಜನವರಿಯ ಚುನಾವಣೆ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ, ಹೆಂಗಸರಿಗೆ ನಾಲ್ಕರಲ್ಲಿ ಒಂದು ಪಾಲು ಮೀಸಲು. ಜಿಲ್ಲಾಧಿಕಾರಿ ಕುರ್ಚಿ ಬಿಟ್ಟದ್ದು ಆಗ. ಆಮೇಲೆ 73ನೇ ತಿದ್ದುಪಡಿ, 1993ರ ಪಂಚಾಯತ್ ರಾಜ್ ಕಾಯಿದೆ, ಮೂರರಲ್ಲಿ ಒಂದು, 2010ರಿಂದ ಅರ್ಧ.

ಇಷ್ಟೆಲ್ಲ ಬರೆಯಲು ಕುಳಿತದ್ದಕ್ಕೆ ಒಂದು ಕಾರಣ 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ. ರಾಜ್ಯದ ಹಲವು ಕಡೆ, ಮುಖ್ಯವಾಗಿ ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಸದಸ್ಯ ಸ್ಥಾನಗಳನ್ನ ಹರಾಜು ಹಾಕಿದ ಸುದ್ದಿ ಬಂತು. ಊರ ಗುಡಿಗೆ ಇಷ್ಟು ಲಕ್ಷ ಕೊಡುವವನು ಅವಿರೋಧ ಸದಸ್ಯ, ಬೇರೆಯವರು ನಾಮಪತ್ರ ಹಾಕಬಾರದು. ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತು, ಪ್ರಕರಣಗಳೂ ದಾಖಲಾದವು. ಹರಾಜನ್ನ ಸಮರ್ಥಿಸಿದವರ ಮಾತು ನನಗೆ ಬಹಳ ಪರಿಚಿತ ಅನಿಸಿತು: ಊರಿನ ಹಿರಿಯರು ಕೂತು ಒಮ್ಮತ ಮಾಡಿದ್ದೇವೆ, ಜಗಳ ಇಲ್ಲ, ದುಡ್ಡು ದೇವರಿಗೆ, ನಮ್ಮ ಹಿಂದಿನವರೂ ಹೀಗೇ ಮಾಡುತ್ತಿದ್ದರು. ಕೊನೆಯದು ಸುಳ್ಳೇನಲ್ಲ. ಗುಡಿಗೆ ದತ್ತಿ, ಮಹಾಜನರ ಒಪ್ಪಿಗೆ, ಊರೊಡೆಯನ ಸಮ್ಮುಖ. ಶಾಸನದ ನಮೂನೆಗೆ ಅಕ್ಷರಶಃ ಹೊಂದುತ್ತದೆ. ಅದಕ್ಕೇ ಸಾಸಿರ್ವರನ್ನ ಪ್ರಜಾಪ್ರಭುತ್ವ ಅಂತ ಕರೆಯುವಾಗ ನನಗೆ ಹೆದರಿಕೆ. ಹಾಗೆ ಕರೆದರೆ ಈ ಹರಾಜನ್ನ ಏನಂತ ಕರೆಯೋದು?

ಮಹಾಜನರನ್ನ ಹಳಿಯಲು ಇದನ್ನ ಹೇಳುತ್ತಿಲ್ಲ. ಕೆರೆ ಕಟ್ಟಿಸಿದರು, ಘಟಿಕಾಸ್ಥಾನ ನಡೆಸಿದರು, ಲೆಕ್ಕ ಇಟ್ಟರು. ಅವರ ಕಾಲಕ್ಕೆ ಅದು ದೊಡ್ಡದು. ಇದೇ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಇನ್ನೂ ಹಳೆಯದು. ಈ ಫಲ ದೊಡ್ಡವರಿಗೆ ಮಾತ್ರ ಅಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ದಕ್ಕುತ್ತದೆ ಎಂಬುದು ಅದರ ತಾತ್ಪರ್ಯ. ಅಲ್ಲಿಯ ಫಲ ಧರ್ಮದ್ದು, ಪಂಚಾಯಿತಿಯದಲ್ಲ. ಆದರೂ ಆ ಬಂಡೆಯ ಮುಂದೆ ನಿಂತಾಗ ನನಗೆ ಮತದಾರರ ಪಟ್ಟಿ ನೆನಪಾಗುತ್ತೆ, ಕುಕನೂರಿನ ಕಲ್ಲಿನ ಮುಂದೆ ಆಗಲ್ಲ.

ಕೊನೆಯದಾಗಿ ಒಂದು ಕೆಲಸದ ಮಾತು. ಗ್ರಾಮ ಪಂಚಾಯಿತಿ ಕಚೇರಿಗಳ ಗೋಡೆಯ ಮೇಲೆ ಅಧ್ಯಕ್ಷರ ಹೆಸರಿನ ಬೋರ್ಡು ಇರುತ್ತಲ್ಲ, ಕ್ರಮಸಂಖ್ಯೆ, ಹೆಸರು, ಯಾವಾಗಿಂದ ಯಾವಾಗಿನವರೆಗೆ ಅಂತ. ಕಟ್ಟಡ ಕಾಮಗಾರಿಯ ತಪಾಸಣೆಗೆ ಹೋದಲ್ಲೆಲ್ಲ ನಾನು ಅದರ ಫೋಟೋ ತೆಗೆದುಕೊಳ್ಳುತ್ತೇನೆ. ಹಳೆಯವು ಎಣ್ಣೆಬಣ್ಣದಲ್ಲಿ ಬರೆದವು. ಸುಣ್ಣ ಬಳಿಯುವಾಗ ಅಳಿಸುತ್ತಾರೆ, ಹೊಸ ಬೋರ್ಡು 1993ರ ನಂತರದವರಿಂದ ಶುರುವಾಗುತ್ತೆ, ಅದರ ಹಿಂದಿನ ಚೇರ್ಮನ್ನರ ಸಾಲು ಮಾಯ. ಕೆಲವು ಬೋರ್ಡುಗಳಲ್ಲಿ ಅಧ್ಯಕ್ಷೆಯ ಹೆಸರಿನ ಮುಂದೆ 'ಗಂಡ ಇಂಥವರು' ಅಂತ ಅವಳ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತೆ. ಕುಷ್ಟಗಿ, ಯಲಬುರ್ಗಾ ಕಡೆ ಶಾಸನ ಹುಡುಕಲು ಹೋಗುವ ಗೆಳೆಯರು ಮಸಿಪ್ರತಿ ತೆಗೆದು ಮುಗಿದ ಮೇಲೆ ಒಂದು ಗಳಿಗೆ ಪಂಚಾಯಿತಿ ಕಚೇರಿಯ ಒಳಗೂ ಹೋಗಿ ಬನ್ನಿ. ಬೆಳಕು ಓರೆಯಾಗಿ ಬಿದ್ದರೆ ಸುಣ್ಣದ ಕೆಳಗಿನ ಹಳೆಯ ಅಕ್ಷರಗಳೂ ಎಷ್ಟೋ ಸಲ ಕಾಣುತ್ತವೆ.